ತಾಯಿಯ ಹೆಸರನ್ನು ಅಳಿಸಬಾರದು

ಪರದೇಶದವರು ಮಕ್ಕಳನ್ನು ದತ್ತು ತೆಗೆದುಕೊಳ್ಳುವ ವಿಷಯವಾಗಿ ಸಭೆಗಳಿಗೆ ಒಂದು ಪಾಠ

ಓದತಕ್ಕ ವೇದಭಾಗಗಳು: ವಿಮೋಚನಕಾಂಡ ೨: ೧–೧೦, ಆದಿಕಾಂಡ ೪೮: ೧–೬.



ಶೃಂಗೇರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ, ಘಟ್ಟ ಇಳಿಯುವದಕ್ಕೆ ಮೊದಲು, ಕೆರೆಕಟ್ಟೆಯೆಂಬ ಊರುಂಟು. ಅಲ್ಲಿಯ ಮಳೆ ಎಂಥದೆಂಬದು ಮಲೆನಾಡಿನವರಿಗೆ ಹೇಳಬೇಕಾದದ್ದಿಲ್ಲ. ಕಾಡು ದಟ್ಟ, ಮನೆಗಳು ದೂರ ದೂರ. ಹೆರಿಗೆ ಕಷ್ಟವಾದರೆ ಶೃಂಗೇರಿಗೆ ಹೋಗಬೇಕು; ಅಲ್ಲಿಯೂ ಆಗದಿದ್ದರೆ ಘಟ್ಟ ಇಳಿದು ಕಾರ್ಕಳ, ಉಡುಪಿ, ಮಂಗಳೂರುಗಳ ಆಸ್ಪತ್ರೆಗಳನ್ನು ಸೇರಬೇಕು. ಆ ಸೀಮೆಯಿಂದ ನಮಗೆ ಒಂದು ಪ್ರಶ್ನೆಯು ಬಂತು. ಈ ತಿಂಗಳಿನ ಪಾಠವು ಆ ಪ್ರಶ್ನೆಯಿಂದಲೇ ಹುಟ್ಟಿದ್ದು.

ಪ್ರಶ್ನೆ ಕೇಳಿದವರು ತೋಟದ ಕೆಲಸದಿಂದ ಜೀವಿಸುವ ದಂಪತಿಗಳು. ಮದುವೆಯಾಗಿ ಹನ್ನೆರಡು ವರುಷಗಳಾದರೂ ಅವರಿಗೆ ಮಕ್ಕಳಿಲ್ಲ. ಅದೇ ತೋಟಕ್ಕೆ ಬಯಲುಸೀಮೆಯಿಂದ ಕೂಲಿಗೆ ಬಂದಿದ್ದ ಒಬ್ಬಾಕೆಯನ್ನು ಗಂಡನು ತುಂಬು ಬಸುರಿಯಾಗಿದ್ದಾಗಲೇ ಬಿಟ್ಟುಹೋಗಿದ್ದನು. ಹುಟ್ಟುವ ಕೂಸನ್ನು ತಾನು ಸಾಕಲಾರೆನೆಂದು ಆಕೆ ಅಳುತ್ತಿದ್ದಳು. ಇದನ್ನು ತಿಳಿದ ಒಬ್ಬ ಮನುಷ್ಯನು ಬಂದು, ಕೂಸನ್ನು ತನಗೆ ಒಪ್ಪಿಸಿದರೆ ಪರದೇಶದ ಐಶ್ವರ್ಯವಂತರ ಮನೆಗೆ ಸೇರಿಸುವೆನೆಂದು ಆಕೆಗೆ ಆಶೆ ತೋರಿಸಿದನು. ಅವನೇ ಈ ದಂಪತಿಗಳ ಬಳಿಗೂ ಬಂದು, ನೀವು ಇಷ್ಟು ಹಣ ಕೊಟ್ಟರೆ ಕೂಸು ನಿಮಗೇ ಆಗುವದು, ಛಾಪಾ ಕಾಗದದ ಮೇಲೆ ಬರೆದುಕೊಂಡರೆ ಸಾಕು, ತಾಯಿ ಯಾರೆಂಬದು ಯಾರಿಗೂ ತಿಳಿಯದು ಎಂದನು. ಅವರು ನಮ್ಮ ಬಳಿಗೆ ಬಂದು, "ಅಯ್ಯನವರೇ, ಕೂಸು ಕಡಲಾಚೆಗೆ ಹೋಗುವದಕ್ಕಿಂತ ನಮ್ಮ ಮನೆಗೆ ಬಂದು ದೇವರನ್ನು ಅರಿಯುವದು ಲೇಸಲ್ಲವೋ? ತಾವು ಸಾಕ್ಷಿ ರುಜು ಹಾಕಿಕೊಡುವಿರೋ?" ಎಂದು ಕೇಳಿದರು.

ನಾವು ಹಾಕುತ್ತೇವೆಂದೇ ಹೇಳಿದೆವು. ಇದನ್ನು ಮರೆಮಾಡುವದು ಸರಿಯಲ್ಲ. ಮಕ್ಕಳಿಲ್ಲದವರಿಗೆ ಮಗು, ದಿಕ್ಕಿಲ್ಲದ ಮಗುವಿಗೆ ಮನೆ. ಇದರಲ್ಲಿ ತಪ್ಪೇನೆಂದು ನಮಗೆ ತೋರಿತು. ಆದರೆ ಆ ರಾತ್ರಿ ಮನೆಯ ಪ್ರಾರ್ಥನೆಯಲ್ಲಿ ಕ್ರಮವಾಗಿ ಬಂದ ವೇದಪಾಠವು ವಿಮೋಚನಕಾಂಡದ ಎರಡನೆಯ ಅಧ್ಯಾಯವಾಗಿತ್ತು. ಓದುತ್ತಾ ಓದುತ್ತಾ ನಮ್ಮ ಮನಸ್ಸು ಕುಗ್ಗಿತು. ಯಾಕೆಂಬದನ್ನು ಮುಂದೆ ಹೇಳುವೆವು.

೧. ಜಂಬುಹುಲ್ಲಿನ ಪೆಟ್ಟಿಗೆ

ಸತ್ಯವೇದದಲ್ಲಿ ಪರದೇಶದವರು ದತ್ತು ತೆಗೆದುಕೊಂಡ ಮಗುವಿನ ಚರಿತ್ರೆ ಯಾವದೆಂದು ಕೇಳಿದರೆ ಭಾನುವಾರದ ಶಾಲೆಯ ಮಕ್ಕಳೂ ಮೋಶೆಯ ಹೆಸರನ್ನು ಹೇಳುವರು. ಇಬ್ರಿಯರ ಕೂಸು, ಎತ್ತಿಕೊಂಡವಳು ಐಗುಪ್ತದ ರಾಜಕುಮಾರ್ತೆ. ಜನಾಂಗ ಬೇರೆ, ಭಾಷೆ ಬೇರೆ, ದೇವತೆಗಳು ಬೇರೆ. ಆದರೂ ಆ ಅರಮನೆಯ ಹೆಣ್ಣಿನ ಕರುಣೆಯಿಂದಲೇ ದೇವರು ತನ್ನ ದಾಸನನ್ನು ಉಳಿಸಿದನು. ಆದಕಾರಣ ಪರದೇಶದವರು ನಮ್ಮ ಮಕ್ಕಳನ್ನು ಮಕ್ಕಳಾಗಿ ಸ್ವೀಕರಿಸುವದೇ ತಪ್ಪೆಂದು ಹೇಳುವವರಿಗೆ ವೇದದ ಆಧಾರವಿಲ್ಲ.

ಆದರೆ ಆ ಹತ್ತು ವಚನಗಳಲ್ಲಿ ಎಷ್ಟು ಹೆಂಗಸರಿದ್ದಾರೆಂಬದನ್ನು ಎಣಿಸಿ ನೋಡಿರಿ. ರಾಜಕುಮಾರ್ತೆ ಒಬ್ಬಳೇ ಅಲ್ಲ. ಹೆತ್ತ ತಾಯಿ ಇದ್ದಾಳೆ. ಆಕೆ ಮಗುವನ್ನು ಮೂರು ತಿಂಗಳು ಬಚ್ಚಿಟ್ಟಳು. ಇನ್ನು ಸಾಧ್ಯವಿಲ್ಲವೆಂದಾಗ ಪೆಟ್ಟಿಗೆಗೆ ರಾಳ ಬಳಿದು, ನೀರು ಒಳಗೆ ನುಗ್ಗದ ಹಾಗೆ ಮಾಡಿ, ತನ್ನ ಕೈಯಿಂದಲೇ ನದಿಯ ಅಂಚಿನಲ್ಲಿ ಇಟ್ಟಳು. ಅದು ಬಿಸಾಡಿದ್ದಲ್ಲ, ಒಪ್ಪಿಸಿದ್ದು. ಅಕ್ಕ ಇದ್ದಾಳೆ. ಕೂಸಿಗೆ ಏನಾಗುವದೋ ಎಂದು ದೂರದಲ್ಲಿ ನಿಂತು ನೋಡಿದವಳು ಆಕೆಯೇ. ಆಕೆ ರಾಜಕುಮಾರ್ತೆಯ ಮುಂದೆ ಧೈರ್ಯವಾಗಿ ಹೋಗಿ ಮಾತಾಡಿದ್ದರಿಂದ ಮಗುವು ಮೊಲೆಹಾಲಿಗಾಗಿ ಹೆತ್ತವಳ ಮಡಿಲಿಗೇ ತಿರಿಗಿ ಬಂತು, ಅದಕ್ಕೆ ಅರಮನೆಯಿಂದ ಸಂಬಳವೂ ದೊರೆಯಿತು. ಮಗುವು ಬೆಳೆದ ಮೇಲೆ ತಾಯಿಯೇ ಅವನನ್ನು ಕರೆದುಕೊಂಡು ಹೋಗಿ ಅರಮನೆಗೆ ಒಪ್ಪಿಸಿದಳು.

ಇದರಿಂದ ಕಲಿಯಬೇಕಾದ ಸಂಗತಿಗಳು ಮೂರು. ಮೊದಲನೆಯದು: ತಾಯಿಯು ಕೊಟ್ಟದ್ದು ಅರಿತು ಕೊಟ್ಟದ್ದು, ಬೇರೊಬ್ಬನು ಬೆಲೆ ಕಟ್ಟಿ ಕೊಂಡದ್ದಲ್ಲ. ಹಣವು ಕೈ ಬದಲಾಯಿಸಿದ್ದು ನಿಜ. ಆದರೆ ಅದು ಹಾಲೂಡಿದ್ದಕ್ಕೆ ಸಲ್ಲಿದ ಕೂಲಿ, ಕೂಸಿಗೆ ಕೊಟ್ಟ ಕ್ರಯವಲ್ಲ. ಎರಡನೆಯದು: ಮಗುವು ಎಲ್ಲಿಗೆ ಹೋಯಿತೆಂಬದನ್ನು ನೋಡುವ ಕಣ್ಣು ಒಂದು ಇತ್ತು. ಮೂರನೆಯದು: ತನ್ನ ತಾಯಿ ಯಾರು, ತನ್ನ ಜನ ಯಾರು ಎಂಬದು ಮೋಶೆಗೆ ತಿಳಿದಿತ್ತು. ನೀರಿನಿಂದ ಎತ್ತಲ್ಪಟ್ಟವನೆಂಬ ಅವನ ಹೆಸರೇ ಅವನು ಬಂದ ದಾರಿಯನ್ನು ದಿನವೂ ಕೂಗಿ ಹೇಳುತ್ತಿತ್ತು. ಅವನು ದೊಡ್ಡವನಾದ ಮೇಲೆ ತನ್ನ ಜನರನ್ನು ಹುಡುಕಿಕೊಂಡು ಹೋದದ್ದನ್ನು ಇಬ್ರಿಯರಿಗೆ ಬರೆದ ಪತ್ರಿಕೆಯು ನಂಬಿಕೆಯ ಕೆಲಸವೆಂದು ಎಣಿಸುತ್ತದೆ, ಕೃತಘ್ನತೆಯೆಂದಲ್ಲ.

ನಮ್ಮ ದಂಪತಿಗಳಿಗೆ ಆ ಮನುಷ್ಯನು ತೋರಿಸಿದ ದಾರಿಯಲ್ಲಿ ಈ ಮೂರೂ ಇರಲಿಲ್ಲ. ಕ್ರಯವಿತ್ತು, ನೋಡುವ ಕಣ್ಣು ಇರಲಿಲ್ಲ, ತಾಯಿಯ ಹೆಸರು ಅಳಿದುಹೋಗುವದೆಂಬದನ್ನೇ ಅವನು ಲಾಭವೆಂದು ಹೇಳಿದ್ದನು. ನಮ್ಮ ಮನಸ್ಸು ಕುಗ್ಗಿದ್ದು ಇದರಿಂದಲೇ.

೨. ಐಗುಪ್ತದಲ್ಲಿ ಹುಟ್ಟಿದ ಮೊಮ್ಮಕ್ಕಳು

ಮತ್ತೊಂದು ಚರಿತ್ರೆಯನ್ನು ನಾವು ಬೇಗನೆ ಓದಿ ದಾಟಿಬಿಡುತ್ತೇವೆ. ಯಾಕೋಬನು ಮುಪ್ಪಿನಲ್ಲಿ ಹಾಸಿಗೆ ಹಿಡಿದಿದ್ದಾಗ ಯೋಸೇಫನು ತನ್ನ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಬಂದನು. ಎಫ್ರಾಯೀಮನೂ ಮನಸ್ಸೆಯೂ ಪರದೇಶದಲ್ಲಿ ಹುಟ್ಟಿದವರು. ಅವರ ತಾಯಿ ಐಗುಪ್ತ್ಯರ ಯಾಜಕನ ಮಗಳು. ಆದರೂ ಅಜ್ಜನು ಅವರನ್ನು ತನ್ನ ಸ್ವಂತ ಮಕ್ಕಳೆಂದು ಎಣಿಸಿ, ಹಿರಿಯ ಮಕ್ಕಳಾದ ರೂಬೇನ ಸಿಮೆಯೋನರಿಗೆ ಸಮಾನರಾಗಿ ಪಾಲು ಕೊಟ್ಟನು. ಇಂದಿಗೂ ಇಸ್ರಾಯೇಲಿನ ಗೋತ್ರಗಳನ್ನು ಹೇಳುವಾಗ ಇವರಿಬ್ಬರ ಹೆಸರುಗಳು ಬರುತ್ತವೆ.

ದತ್ತು ಎಂಬದು ಹೀಗಿರಬೇಕು. ಅರ್ಧ ಮಗುವೆಂಬದಿಲ್ಲ. ಕೆಲಸಕ್ಕೆ ಕೈಯಾಯಿತೆಂದೋ, ಮುಪ್ಪಿಗೆ ಊರುಗೋಲಾಯಿತೆಂದೋ ತರುವದು ದತ್ತಲ್ಲ. ಅದು ಆಳು ಹಿಡಿಯುವದು. ಪೌಲನು ರೋಮಾಪುರದವರಿಗೂ ಎಫೆಸದವರಿಗೂ ಬರೆಯುವಾಗ, ದೇವರು ನಮ್ಮನ್ನು ಸ್ವೀಕರಿಸಿದ ರೀತಿಯನ್ನು ಹೇಳುವದಕ್ಕೆ ದತ್ತಿನ ಮಾತನ್ನೇ ಆರಿಸಿಕೊಂಡನು. ನಾವು ದಾಸರಾಗಿ ಅಲ್ಲ, ಬಾಧ್ಯರಾಗಿ ಸೇರಿಸಲ್ಪಟ್ಟೆವು. ಹಾಗಾದರೆ ಕ್ರೈಸ್ತರ ಮನೆಯಲ್ಲಿ ದತ್ತು ಬಂದ ಮಗುವಿಗೆ ಹೊಲದಲ್ಲಿಯೂ ಮನೆಯಲ್ಲಿಯೂ ಹೆಸರಿನಲ್ಲಿಯೂ ಪೂರ್ತಿಯಾದ ಪಾಲು ಇಲ್ಲದಿದ್ದರೆ ನಾವು ನಂಬುವ ಸುವಾರ್ತೆಯನ್ನು ನಮ್ಮ ಅಡಿಗೆಮನೆಯೇ ಅಲ್ಲಗಳೆದ ಹಾಗಾಗುವದು.

೩. ಉಡುಪಿಯ ಆಸ್ಪತ್ರೆಯಲ್ಲಿ ನಡೆದದ್ದು

ಪುರಾತನದ ಮಾತು ಸಾಕು, ನಮ್ಮ ನಾಡಿನಲ್ಲಿ ಇಂಥದು ನಡೆದದ್ದುಂಟೋ ಎಂದು ಕೇಳುವಿರಿ. ಉಂಟು, ಕೆರೆಕಟ್ಟೆಯಿಂದ ಘಟ್ಟ ಇಳಿದರೆ ಸೇರುವ ಉಡುಪಿಯಲ್ಲಿಯೇ ನಡೆಯಿತು.

ಉಡುಪಿಯ ಮಿಷನ್ ಆಸ್ಪತ್ರೆಯನ್ನು ಅರಿಯದವರು ಕರಾವಳಿಯ ಸಭೆಗಳಲ್ಲಿ ಇಲ್ಲ. ಸ್ವಿಸ್ ದೇಶದಿಂದ ಬಂದ ವೈದ್ಯೆ ಎವಾ ಲೊಂಬಾರ್ಡ್ ಅವರು ಬಾಸೆಲ್ ಮಿಷನಿನ ಸೇವೆಯಲ್ಲಿ ೧೯೨೩ರಲ್ಲಿ ಅದನ್ನು ಆರಂಭಿಸಿದರು. ಈಗ ಅದು ಅವರ ಹೆಸರಿನಿಂದಲೇ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆಯೆಂದು ಕರೆಯಲ್ಪಡುತ್ತದೆ. ೧೯೭೦ನೆಯ ಮೇ ತಿಂಗಳಿನ ಮೊದಲನೆಯ ದಿನ ಆ ಆಸ್ಪತ್ರೆಯಲ್ಲಿ ಅನಸೂಯ ಎಂಬ ವಿಧವೆಯು ಒಂದು ಗಂಡು ಕೂಸನ್ನು ಹೆತ್ತಳು. ತಾನು ಅದನ್ನು ಸಾಕಲಾರದೆ, ಒಳ್ಳೆಯದಾಗಿ ಬೆಳೆಸುವವರ ಕೈಗೆ ಇದನ್ನು ಒಪ್ಪಿಸಬೇಕೆಂದು ಅಲ್ಲಿಯ ವೈದ್ಯರಾದ ಫ್ಲುಗ್‌ಫೆಲ್ಡರ್ ಅವರನ್ನು ಬೇಡಿಕೊಂಡಳು. ಫ್ರಿಟ್ಸ್ ಗುಗ್ಗರ್, ಎಲಿಜಬೆತ್ ಗುಗ್ಗರ್ ಎಂಬ ಸ್ವಿಸ್ ದಂಪತಿಗಳು ಆಗ ಮಲೆಯಾಳ ಸೀಮೆಯ ತಲಶ್ಶೇರಿಯಲ್ಲಿ, ನೆಟ್ಟೂರಿನ ತಾಂತ್ರಿಕ ತರಬೇತಿಯ ಸಂಸ್ಥೆಯಲ್ಲಿ ಸೇವೆಯಲ್ಲಿದ್ದರು. ಗುಂಡರ್ಟ್ ಪಂಡಿತರು ಹಿಂದೆ ವಾಸವಾಗಿದ್ದ ಇಲ್ಲಿಕ್ಕುನ್ನು ಬಂಗಲೆಯ ನೆರೆಯಲ್ಲಿಯೇ ಆ ಸಂಸ್ಥೆಯಿದೆ. ಆ ದಂಪತಿಗಳು ಕೂಸನ್ನು ತಮ್ಮ ಮಗನಾಗಿ ಸ್ವೀಕರಿಸಿದರು. ಮಗುವು ಸುಮಾರು ನಾಲ್ಕು ವರುಷ ತಲಶ್ಶೇರಿಯಲ್ಲಿ ಬೆಳೆದು, ಬಳಿಕ ತಾಯಿತಂದೆಗಳ ಸಂಗಡ ಸ್ವಿಸ್ ದೇಶಕ್ಕೆ ಹೋಯಿತು.

ಆ ಮಗುವೇ ನಿಕ್ಲಾಸ್ ಸಾಮುವೇಲ್ ಗುಗ್ಗರ್ ಅವರು. ಯೌವನದಲ್ಲಿ ಲಾರಿ ನಡಿಸುವದು, ತೋಟದ ಕೆಲಸ ಮೊದಲಾದವುಗಳನ್ನು ಮಾಡಿ ತಮ್ಮ ವಿದ್ಯೆಗೆ ಹಣ ಸಂಪಾದಿಸಿಕೊಂಡರು. ವಿಂಟರ್‌ಥೂರ್ ಪಟ್ಟಣದ ಸಭಾಸದರಾಗಿದ್ದು, ೨೦೧೭ರ ನವಂಬರಿನಲ್ಲಿ ಆ ದೇಶದ ರಾಷ್ಟ್ರಸಭೆಯ ಸದಸ್ಯರಾದರು. ಭಾರತ ಮೂಲದ ಒಬ್ಬನು ಆ ಸಭೆಯಲ್ಲಿ ಕೂತದ್ದು ಅದೇ ಮೊದಲು. ಆದರೆ ಪದವಿಯ ಕಾರಣದಿಂದ ನಾವು ಇದನ್ನು ಬರೆಯಲಿಲ್ಲ. ದತ್ತು ಹೋದ ಮಕ್ಕಳೆಲ್ಲರೂ ದೊರೆಗಳಾಗುವದಿಲ್ಲ, ಆಗಬೇಕಾದದ್ದೂ ಇಲ್ಲ. ನಮ್ಮ ಕಣ್ಣು ಬಿದ್ದದ್ದು ಬೇರೊಂದು ಸಂಗತಿಯ ಮೇಲೆ: ಅವರು ತಮ್ಮ ಮಗಳಿಗೆ ಅನಸೂಯ ಎಂದು ಹೆಸರಿಟ್ಟರು.

ಇದನ್ನು ಸ್ವಲ್ಪ ಯೋಚಿಸಿರಿ. ಉಡುಪಿಯ ಹೆರಿಗೆಯ ಕೋಣೆಯಿಂದ ಬರಿಗೈಯಲ್ಲಿ ಹೊರಟುಹೋದ ಆ ಬಡ ವಿಧವೆಯ ಹೆಸರನ್ನು ಆಲ್ಪ್ಸ್ ಪರ್ವತಗಳ ನಾಡಿನಲ್ಲಿ ಒಂದು ಹೆಣ್ಣುಮಗು ಹೊತ್ತುಕೊಂಡಿದೆ. ಇದು ಹೇಗಾಯಿತು? ಯಾರೋ ಒಬ್ಬರು ಆ ಹೆಸರನ್ನು ಕೇಳಿ ನೆನಪಿನಲ್ಲಿಟ್ಟರು. ಸಾಕಿದ ತಾಯಿತಂದೆಗಳು ಅದನ್ನು ಮಗನಿಂದ ಬಚ್ಚಿಡಲಿಲ್ಲ. ಪರದೇಶದ ದತ್ತಿನ ವಿಷಯವಾದ ಈಗಿನ ಕಾಯಿದೆಗಳು ಇಲ್ಲದ ಕಾಲದಲ್ಲಿ ವೈದ್ಯರ ಮತ್ತು ದಂಪತಿಗಳ ಮನಸ್ಸಾಕ್ಷಿಯೇ ಬಹುಮಟ್ಟಿಗೆ ಕಾವಲಾಗಿತ್ತು.

೪. ಹೆಸರು ಅಳಿದುಹೋದಾಗ

ಆದರೆ ಮನಸ್ಸಾಕ್ಷಿಯೊಂದೇ ಕಾವಲಾದಲ್ಲಿ ಕಳ್ಳನು ನುಗ್ಗುವದೂ ಸುಲಭ. ಗುಗ್ಗರ್ ಅವರನ್ನು ಬೆಳೆಸಿದ ಅದೇ ದೇಶದವರು ಹಳೆಯ ಕಡತಗಳನ್ನು ತೆರೆದು ಶೋಧಿಸಿದರು. ಭಾರತದಿಂದ ಜೂರಿಕ್, ಥುರ್ಗಾವ್ ಎಂಬ ಎರಡು ಪ್ರಾಂತಗಳಿಗೆ ೧೯೭೩ರಿಂದ ೨೦೦೨ರ ವರೆಗೆ ಬಂದ ಮಕ್ಕಳ ವಿಷಯವಾಗಿ ವಿದ್ವಾಂಸರು ನಡಿಸಿದ ಶೋಧನೆಯು ೨೦೨೪ರಲ್ಲಿ ಪ್ರಕಟವಾಯಿತು. ಅವರು ವಿವರವಾಗಿ ಪರೀಕ್ಷಿಸಿದ ಕಡತಗಳಲ್ಲಿ ಹೆತ್ತವರ ಒಪ್ಪಿಗೆಯ ಪತ್ರವು ದೊರೆಯಲಿಲ್ಲ. ಆ ಗ್ರಂಥಕ್ಕೆ ಅವರು ಇಟ್ಟ ಹೆಸರಿನ ಅರ್ಥವು, ತಾಯಿ ಯಾರೋ ತಿಳಿಯದು ಎಂಬದೇ. ೨೦೨೫ರ ಜನವರಿಯಲ್ಲಿ ಆ ದೇಶದ ಸರಕಾರವು ಪರದೇಶಗಳಿಂದ ಮಕ್ಕಳನ್ನು ದತ್ತು ತರುವದನ್ನು ಇನ್ನು ನಿಲ್ಲಿಸಬೇಕೆಂಬ ತನ್ನ ಅಭಿಪ್ರಾಯವನ್ನು ಪ್ರಕಟಿಸಿತು. ನೆದರ್ಲೆಂಡ್ಸ್ ದೇಶವು ೨೦೨೧ರಲ್ಲಿಯೇ ಹೊಸ ಅರ್ಜಿಗಳನ್ನು ತಡೆದಿತ್ತು.

ದೂಷಣೆಯನ್ನು ಕಡಲಾಚೆಯವರ ಮೇಲೆ ಹೊರಿಸಿ ನಾವು ಕೈ ತೊಳೆದುಕೊಳ್ಳಲಾಗದು. ಕೂಸನ್ನು ತೊಟ್ಟಿಲಿನಿಂದ ಎತ್ತಿದ ಕೈ ನಮ್ಮ ನಾಡಿನದೇ. ೧೯೯೯ರಿಂದ ೨೦೦೧ರ ವರೆಗೆ ಆಗಿನ ಆಂಧ್ರಪ್ರದೇಶದಲ್ಲಿ ಲಂಬಾಣಿ ತಾಂಡಾಗಳ ಬಡ ತಾಯಂದಿರಿಂದ ಹೆಣ್ಣುಕೂಸುಗಳನ್ನು ಅಲ್ಪ ಹಣಕ್ಕೆ ಕೊಂಡು ದತ್ತಿನ ಹೆಸರಿನಲ್ಲಿ ಪರದೇಶಕ್ಕೆ ಕಳುಹಿಸುವ ವ್ಯಾಪಾರವು ಬೈಲಿಗೆ ಬಂತು. ಯೋಸೇಫನನ್ನು ಇಪ್ಪತ್ತು ಬೆಳ್ಳಿ ನಾಣ್ಯಗಳಿಗೆ ಮಾರಿದವರು ಅವನ ಸ್ವಂತ ಅಣ್ಣಂದಿರೇ ಅಲ್ಲವೋ?

ನಮ್ಮ ಸಭೆಗಳ ಚರಿತ್ರೆಯಲ್ಲಿಯೂ ಈ ದುಃಖ ಉಂಟು. ೧೮೭೬ರಿಂದ ೧೮೭೮ರ ವರೆಗೆ ಮೈಸೂರು ಸೀಮೆಯನ್ನೂ ಉತ್ತರದ ಜಿಲ್ಲೆಗಳನ್ನೂ ಸುಟ್ಟ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಅಪ್ಪ ಅಮ್ಮಂದಿರನ್ನು ಕಳಕೊಂಡ ಮಕ್ಕಳನ್ನು ಮಿಷನಿನವರು ಅನಾಥಶಾಲೆಗಳಲ್ಲಿ ಸಾಕಿದರು. ಅದು ದೊಡ್ಡ ದಯೆಯ ಕೆಲಸ. ಅವರು ಎತ್ತಿಕೊಳ್ಳದಿದ್ದರೆ ಆ ಮಕ್ಕಳು ದಾರಿಯಲ್ಲಿಯೇ ಸಾಯುತ್ತಿದ್ದರು. ಆದರೂ ತಮ್ಮ ಮುತ್ತಜ್ಜ ಯಾವ ಊರಿನವನು, ಅವನ ತಾಯಿಯ ಹೆಸರೇನು ಎಂದು ಕೇಳಿದರೆ ಉತ್ತರವಿಲ್ಲದೆ ತಲೆ ತಗ್ಗಿಸುವ ಮನೆತನಗಳು ನಮ್ಮಲ್ಲಿ ಈಗಲೂ ಉಂಟು. ಹೊಟ್ಟೆಗೆ ಕೊಟ್ಟದ್ದರಿಂದ ಆ ಹಸಿವೆಯು ತೀರುವದಿಲ್ಲ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಮಾದರಿಯನ್ನೂ ನೆನೆಯಬೇಕು. ಐರ್ಲೆಂಡಿನ ಏಮಿ ಕಾರ್ಮೈಕಲ್ ಅವರು ೧೮೯೫ರಲ್ಲಿ ಈ ದೇಶಕ್ಕೆ ಬಂದಾಗ ಮೊದಲು ಬೆಂಗಳೂರಿನಲ್ಲಿಯೇ ಇದ್ದರು. ಬಳಿಕ ತಮಿಳು ಸೀಮೆಯ ದೋನಾವೂರಿನಲ್ಲಿ ೧೯೦೧ರಿಂದ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಸಾಕಿದರು. ಅವರು ಮಕ್ಕಳನ್ನು ತಮ್ಮ ದೇಶಕ್ಕೆ ಕೊಂಡುಹೋಗಲಿಲ್ಲ. ಮಕ್ಕಳ ದೇಶದಲ್ಲಿಯೇ ತಾವು ಉಳಿದರು. ಅದೇ ಉಡಿಗೆ, ಅದೇ ಭಾಷೆ, ಅದೇ ಊಟ. ಸ್ವದೇಶಕ್ಕೆ ಒಮ್ಮೆಯೂ ತಿರಿಗಿ ಹೋಗದೆ ೧೯೫೧ರಲ್ಲಿ ಅಲ್ಲಿಯೇ ನಿದ್ರೆಹೋದರು. ಪರದೇಶದ ತಾಯಿಯು ಮಗುವಿನ ಬಳಿಗೆ ಬರುವದೂ ಒಂದು ದಾರಿಯೆಂದು ಅವರು ತೋರಿಸಿದರು.

೫. ಕಾಯಿದೆ ಏನು ಹೇಳುತ್ತದೆ

ಇನ್ನು ಕಾಯಿದೆಯ ಮಾತು. ಕೆಲವರು ಇದು ಕೋರ್ಟಿನ ವಿಷಯ, ಸಭೆಗೆ ಸೇರಿದ್ದಲ್ಲ ಎನ್ನುವರು. ಆದರೆ ಅನಾಥರಿಗೆ ನ್ಯಾಯ ತೀರಿಸುವದು ದೇವರ ಕೆಲಸವೆಂದು ಪ್ರವಾದಿಗಳು ಸಾರಿದ್ದಾರೆ. ಆ ನ್ಯಾಯವನ್ನು ಅರಿತಿರುವದು ನಮ್ಮ ಕರ್ತವ್ಯ.

ಹಿಂದೂಗಳಿಗೆ ೧೯೫೬ರ ದತ್ತಕ ಕಾಯಿದೆಯಿತ್ತು. ಅದು ಬೌದ್ಧ, ಜೈನ, ಸಿಖ್ಖರಿಗೂ ಸಲ್ಲುತ್ತದೆ. ಕ್ರೈಸ್ತರಿಗೆ ಅದು ಸಲ್ಲುವದಿಲ್ಲ. ಬಹುಕಾಲ ನಮ್ಮವರು ೧೮೯೦ರ ಪೋಷಕರ ಕಾಯಿದೆಯಂತೆ ಮಗುವಿಗೆ ಪೋಷಕರು ಮಾತ್ರ ಆಗಬಹುದಿತ್ತು, ತಾಯಿತಂದೆಗಳಾಗಲು ದಾರಿಯಿರಲಿಲ್ಲ. ಪರದೇಶದವರೂ ಅದೇ ಕಾಯಿದೆಯಿಂದ ಪೋಷಕರೆಂಬ ಆಜ್ಞೆ ಪಡೆದು, ಮಗುವನ್ನು ಕೊಂಡುಹೋಗಿ, ತಮ್ಮ ದೇಶದಲ್ಲಿ ದತ್ತು ಮಾಡಿಕೊಳ್ಳುತ್ತಿದ್ದರು. ನಡುವೆ ಏನಾಗುವದೆಂದು ಕೇಳುವವರಿರಲಿಲ್ಲ.

ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಈ ಅನ್ಯಾಯಗಳ ವಿಷಯವಾಗಿ ಸುಪ್ರೀಮ್ ಕೋರ್ಟಿಗೆ ಒಂದು ಪತ್ರ ಬರೆದರು. ನ್ಯಾಯಮೂರ್ತಿ ಭಗವತಿಯವರು ಆ ಪತ್ರವನ್ನೇ ಅರ್ಜಿಯೆಂದು ಎಣಿಸಿ ೧೯೮೪ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟರು. ಮಗುವಿಗೆ ಮೊದಲು ಹೆತ್ತವರ ಮನೆ. ಅದು ಆಗದಿದ್ದರೆ ಸ್ವದೇಶದಲ್ಲಿ ಒಂದು ಮನೆ. ಅದೂ ದೊರೆಯದಿದ್ದರೆ ಮಾತ್ರ ಪರದೇಶ, ಎಂಬ ಕ್ರಮವು ಅದರಿಂದ ನೆಲೆಗೊಂಡಿತು. ಇದನ್ನು ನೋಡಿಕೊಳ್ಳಲು ೧೯೯೦ರಲ್ಲಿ ದತ್ತು ವಿಷಯದ ಕೇಂದ್ರ ಸಂಸ್ಥೆಯು ಸ್ಥಾಪಿತವಾಯಿತು. ಅದನ್ನು ಕಾರಾ ಎಂದು ಕರೆಯುತ್ತಾರೆ. ೧೯೯೩ರಲ್ಲಿ ಹೇಗ್ ಪಟ್ಟಣದಲ್ಲಿ ಅನೇಕ ದೇಶಗಳವರು ಈ ವಿಷಯವಾಗಿ ಮಾಡಿಕೊಂಡ ಒಡಂಬಡಿಕೆಯನ್ನು ಭಾರತವು ೨೦೦೩ರಲ್ಲಿ ಅಂಗೀಕರಿಸಿತು. ೨೦೦೦ನೆಯ ಬಾಲನ್ಯಾಯದ ಕಾಯಿದೆಯೂ, ಅದಕ್ಕೆ ೨೦೦೬ರಲ್ಲಿ ಬಂದ ತಿದ್ದುಪಡಿಯೂ, ಜಾತಿಮತಗಳ ಭೇದವಿಲ್ಲದೆ ಎಲ್ಲರಿಗೂ ದತ್ತಿನ ಬಾಗಿಲನ್ನು ತೆರೆದವು. ೨೦೧೪ರಲ್ಲಿ ಸುಪ್ರೀಮ್ ಕೋರ್ಟು ಇದನ್ನು ಸ್ಪಷ್ಟಪಡಿಸಿತು. ಈಗ ನಡೆಯುತ್ತಿರುವದು ೨೦೧೫ರ ಕಾಯಿದೆ. ಅದರಂತೆ ದತ್ತು ಬಂದ ಮಗುವು ಹೆತ್ತ ಮಗುವಿಗೆ ಎಲ್ಲಾ ಹಕ್ಕುಗಳಲ್ಲಿಯೂ ಸಮಾನ. ಯಾಕೋಬನು ಮಾಡಿದ್ದನ್ನು ಕಾಯಿದೆಯೂ ಮಾಡಿತೆಂದು ನಾವು ಹೇಳಬಹುದು.

ಹಳ್ಳಿಯವರು ನೆನಪಿನಲ್ಲಿಡಬೇಕಾದವುಗಳನ್ನು ಕ್ರಮವಾಗಿ ಬರೆಯುತ್ತೇವೆ.

ಮೊದಲನೆಯದು: ದಿಕ್ಕಿಲ್ಲದ ಕೂಸು ಕಾಣಿಸಿದರೆ, ಪ್ರಯಾಣದ ಹೊತ್ತನ್ನು ಬಿಟ್ಟು ೨೪ ತಾಸುಗಳೊಳಗೆ ಪೊಲೀಸರಿಗಾಗಲಿ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗಾಗಲಿ ತಿಳಿಸತಕ್ಕದ್ದು. ೧೦೯೮ ಎಂಬ ಸಂಖ್ಯೆಗೆ ಟೆಲಿಫೋನ್ ಮಾಡಿದರೂ ಸಾಕು, ಹಣ ಬೇಕಿಲ್ಲ.

ಎರಡನೆಯದು: ಸಾಕಲಾರದ ತಾಯಿಯು ಮಗುವನ್ನು ಸಮಿತಿಯ ಮುಂದೆಯೇ ಒಪ್ಪಿಸಬೇಕು. ಸಮಿತಿಯವರು ಆಕೆಗೆ ಬುದ್ಧಿಮಾತು ಹೇಳಿ, ಒಪ್ಪಿಸಿದ ಮೇಲೆಯೂ ಎರಡು ತಿಂಗಳ ಅವಕಾಶ ಕೊಡುತ್ತಾರೆ. ಅಷ್ಟರೊಳಗೆ ಆಕೆ ಮನಸ್ಸು ತಿರಿಗಿಸಿದರೆ ಮಗುವು ಆಕೆಯದೇ. ಹೆರುವದಕ್ಕೆ ಮುಂಚೆ ಮಾಡಿಕೊಂಡ ಯಾವ ಕರಾರಿಗೂ ಬೆಲೆಯಿಲ್ಲ.

ಮೂರನೆಯದು: ದತ್ತು ಬೇಕಾದವರು ಕಾರಾ ಸಂಸ್ಥೆಯ ಪಟ್ಟಿಯಲ್ಲಿ ಹೆಸರು ಬರೆಸಿಕೊಳ್ಳಬೇಕು. ಗಂಡಹೆಂಡರಾದರೆ ಎರಡು ವರುಷಗಳಾದರೂ ಒಟ್ಟಿಗೆ ನೆಮ್ಮದಿಯಾಗಿ ಬಾಳಿದವರಾಗಿರಬೇಕು. ಮನೆಯನ್ನು ನೋಡಿ ವರದಿ ಬರೆಯುತ್ತಾರೆ. ಸರದಿಯಂತೆ ಮಗುವು ದೊರೆಯುತ್ತದೆ. ೨೦೨೨ರ ಸೆಪ್ಟೆಂಬರಿನಿಂದ ಕೊನೆಯ ಆಜ್ಞೆಯನ್ನು ಜಿಲ್ಲಾಧಿಕಾರಿಗಳು ಕೊಡುತ್ತಾರೆ.

ನಾಲ್ಕನೆಯದು: ದತ್ತಿಗೆ ಅರ್ಹವೆಂದು ಗೊತ್ತಾದ ಮಗುವಿಗೆ ೬೦ ದಿನಗಳೊಳಗೆ ಈ ದೇಶದವರಾಗಲಿ ಹೊರಗೆ ವಾಸಿಸುವ ಭಾರತೀಯರಾಗಲಿ ಒದಗದಿದ್ದರೆ ಪರದೇಶದವರಿಗೆ ಅವಕಾಶವಾಗುತ್ತದೆ. ಅಂಗವಿಕಲರಾದ ಮಕ್ಕಳು, ವಯಸ್ಸಾದ ಮಕ್ಕಳು, ಒಡಹುಟ್ಟಿದವರ ಜೊತೆಯನ್ನು ಬಿಡಲಾಗದ ಮಕ್ಕಳು, ಇಂಥವರನ್ನು ಸ್ವೀಕರಿಸಲು ನಮ್ಮವರು ಹಿಂಜರಿಯುತ್ತಾರೆ, ಕಡಲಾಚೆಯವರು ಎತ್ತಿಕೊಳ್ಳುತ್ತಾರೆ. ಮಗುವು ಹೋದ ಮೇಲೆ ಎರಡು ವರುಷಗಳ ವರೆಗೆ ಅದರ ಕ್ಷೇಮದ ವರದಿಯು ಅಲ್ಲಿಂದ ಬರತಕ್ಕದ್ದು. ನದಿಯ ಬಳಿಯಲ್ಲಿ ನಿಂತ ಅಕ್ಕನ ಕೆಲಸವನ್ನು ಈ ವರದಿಯು ಮಾಡುತ್ತದೆ.

ಐದನೆಯದು: ದತ್ತು ಹೋದವರು ಪ್ರಾಯಕ್ಕೆ ಬಂದ ಮೇಲೆ ತಮ್ಮ ಮೂಲವನ್ನು ತಿಳಿಯಲು ಕೇಳಿಕೊಳ್ಳಬಹುದು. ಆದರೆ ಹೆತ್ತವಳ ಗುಟ್ಟನ್ನು ಆಕೆಯ ಒಪ್ಪಿಗೆಯಿಲ್ಲದೆ ಬೈಲಿಗೆ ತರುವದಿಲ್ಲ. ಹೆಸರು ಅಳಿಯುವದಿಲ್ಲ, ಬೀದಿಯಲ್ಲಿ ಸಾರಲ್ಪಡುವದೂ ಇಲ್ಲ.

ಆರನೆಯದು: ಈ ದಾರಿಯನ್ನು ಬಿಟ್ಟು ಮಗುವನ್ನು ಕೊಟ್ಟವರಿಗೂ ತೆಗೆದುಕೊಂಡವರಿಗೂ ಮೂರು ವರುಷಗಳ ವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು. ಮಾರಿದವರಿಗೂ ಕೊಂಡವರಿಗೂ ಐದು ವರುಷಗಳ ವರೆಗೆ ಕಠಿಣ ಸೆರೆಯೂ ದಂಡವೂ ಉಂಟು. ಛಾಪಾ ಕಾಗದವಾಗಲಿ ಸಭೆಯ ಹಿರಿಯರ ರುಜುವಾಗಲಿ ಇದರಿಂದ ಬಿಡಿಸಲಾರದು.

೬. ಆ ಮನೆಯಲ್ಲಿ ನಡೆದದ್ದು

ಮಾರನೆಯ ದಿನ ನಾವು ಆ ದಂಪತಿಗಳ ಬಳಿಗೆ ಹೋಗಿ, ನಿನ್ನೆ ನಾವು ಹೇಳಿದ್ದು ತಪ್ಪು, ರುಜು ಹಾಕಲಾರೆವು ಎಂದು ಅರಿಕೆ ಮಾಡಿದೆವು. ಆ ತಾಯಿಯ ಮುಖವು ಬಾಡಿದ್ದನ್ನು ನಾವು ಮರೆಯಲಾರೆವು. "ನಿಮಗೆ ನಾಲ್ಕು ಮಕ್ಕಳಿದ್ದಾರೆ, ಅಯ್ಯನವರೇ" ಎಂದಷ್ಟೇ ಹೇಳಿದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಆದರೂ ಗಂಡನು ಸ್ವಲ್ಪ ಹೊತ್ತು ಸುಮ್ಮನಿದ್ದು, ಸರಿ ದಾರಿ ಯಾವದೋ ಅದನ್ನೇ ತೋರಿಸಿರಿ ಎಂದನು. ಕೂಲಿಯಾಕೆಯ ಸಂಗಡ ನಮ್ಮ ಸಭೆಯ ಇಬ್ಬರು ಹೆಂಗಸರು ಚಿಕ್ಕಮಗಳೂರಿಗೆ ಹೋಗಿ ಸಮಿತಿಯವರನ್ನು ಕಂಡರು. ಆಶೆ ತೋರಿಸಿದ ಆ ಮನುಷ್ಯನು ಆ ದಿನದಿಂದ ಆ ಕಡೆ ಕಾಣಿಸಲಿಲ್ಲ.

ಹೆರಿಗೆಯಾಯಿತು, ಹೆಣ್ಣುಕೂಸು. ಆಕೆ ಸಮಿತಿಯ ಮುಂದೆ ಒಪ್ಪಿಸಿದಳು. ನಮ್ಮ ದಂಪತಿಗಳು ಪಟ್ಟಿಯಲ್ಲಿ ತಮ್ಮ ಹೆಸರು ಬರೆಸಿಕೊಂಡರು. ಆ ಕೂಸೇ ತಮಗೆ ಬರುವದೆಂಬ ಭರವಸೆ ಇಲ್ಲವೆಂದು ಆಗಲೇ ತಿಳಿದಿದ್ದರು. ಆದರೆ ಎರಡು ತಿಂಗಳು ತುಂಬುವದಕ್ಕೆ ಒಂಬತ್ತು ದಿನಗಳು ಉಳಿದಿರುವಾಗ ಆ ತಾಯಿಯು ತನ್ನ ಅಕ್ಕನನ್ನು ಕರೆದುಕೊಂಡು ಹೋಗಿ, ನನ್ನ ಕೂಸನ್ನು ನನಗೇ ಕೊಡಿರೆಂದು ಬೇಡಿದಳು. ಸಮಿತಿಯವರು ವಿಚಾರಿಸಿ ಕೊಟ್ಟರು. ಎದೆಯಲ್ಲಿ ಹಾಲಿತ್ತು, ಅಕ್ಕನ ಮನೆಯಲ್ಲಿ ಒಂದು ಮೂಲೆಯಿತ್ತು. ಇವೆರಡರ ಮೇಲೆ ಆಕೆ ಧೈರ್ಯ ಮಾಡಿದಳು.

ಛಾಪಾ ಕಾಗದದ ದಾರಿಯನ್ನು ಹಿಡಿದಿದ್ದರೆ ಆ ಒಂ‍ಬತ್ತು ದಿನಗಳಲ್ಲಿ ಆಕೆ ಯಾರ ಬಾಗಿಲನ್ನು ತಟ್ಟುತ್ತಿದ್ದಳು? ನಮ್ಮ ರುಜುವೇ ಆ ಬಾಗಿಲಿಗೆ ಅಗಳಿಯಾಗುತ್ತಿತ್ತು.

ನಮ್ಮ ದಂಪತಿಗಳು ಆ ವಾರ ಸಭೆಗೆ ಬರಲಿಲ್ಲ. ಮುಂದಿನ ವಾರ ಬಂದರು. ಆ ತಾಯಿಯು ಊರಿಗೆ ಹೊರಡುವ ದಿನ ಹೆಂಡತಿಯು ತಾನು ಹೊಲಿದಿಟ್ಟಿದ್ದ ತೊಟ್ಟಿಲ ಬಟ್ಟೆಗಳನ್ನು ಒಂದು ಗಂಟುಕಟ್ಟಿ ಆಕೆಯ ಕೈಗೆ ಕೊಟ್ಟಳೆಂದು ಕೇಳಿದೆವು. ಅವರ ಹೆಸರು ಈಗಲೂ ಪಟ್ಟಿಯಲ್ಲಿಯೇ ಉಂಟು. ನಡೆಯುವದಕ್ಕೆ ಕಷ್ಟಪಡುವ ಮಗುವಾದರೂ, ಕಂಕುಳಿನ ವಯಸ್ಸು ದಾಟಿದ ಮಗುವಾದರೂ ಆಗಬಹುದೆಂದು ಅವರು ಈಚೆಗೆ ಬರೆದುಕೊಟ್ಟಿದ್ದಾರೆ. ಅಂಥ ಮಕ್ಕಳು ಪರದೇಶಕ್ಕೆ ಹೋಗುವದು ಸ್ವದೇಶದಲ್ಲಿ ಕರೆಯುವವರಿಲ್ಲದ್ದರಿಂದಲೇ ಎಂಬದನ್ನು ಅವರು ನಮಗಿಂತ ಮೊದಲು ಅರಿತರು.

ಪ್ರಿಯರೇ, ತಾಯಿತಂದೆಗಳು ತೊರೆದರೂ ಕರ್ತನು ಸೇರಿಸಿಕೊಳ್ಳುವನೆಂದು ೨೭ನೆಯ ಕೀರ್ತನೆಯಲ್ಲಿ ದಾವೀದನು ನಂಬಿಕೆಯಿಂದ ಹಾಡಿದನು. ಕರ್ತನು ಸೇರಿಸಿಕೊಳ್ಳುವದು ಬಹಳ ಸಾರಿ ಒಂದು ಮನೆಯ ಬಾಗಿಲಿನಿಂದಲೇ. ಆ ಬಾಗಿಲು ಕೆರೆಕಟ್ಟೆಯಲ್ಲಿರಬಹುದು, ಕಡಲಾಚೆಯಲ್ಲಿಯೂ ಇರಬಹುದು. ಎಲ್ಲಿದ್ದರೂ ಮಗುವು ಅದರೊಳಗೆ ಬೆಳಕಿನಲ್ಲಿ ನಡೆದು ಹೋಗಬೇಕು, ಕತ್ತಲಲ್ಲಿ ಸಾಗಿಸಲ್ಪಡಬಾರದು. ಪ್ರತಿಯೊಬ್ಬನನ್ನೂ ಹೆಸರು ಹಿಡಿದು ಕರೆಯುವ ದೇವರು, ಹೆತ್ತವಳ ಹೆಸರನ್ನೂ ಸಾಕಿದವಳ ಹೆಸರನ್ನೂ ತನ್ನ ಅಂಗೈಯಲ್ಲಿ ಇಟ್ಟುಕೊಂಡಿದ್ದಾನೆ.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ಮೋಶೆಯ ತಾಯಿಯು ಮಗುವನ್ನು ಬಿಸಾಡಿದಳೋ, ಒಪ್ಪಿಸಿದಳೋ? ಎರಡಕ್ಕೂ ಭೇದವೇನು?

೨. ಯಾಕೋಬನು ಎಫ್ರಾಯೀಮ ಮನಸ್ಸೆಯರಿಗೆ ಕೊಟ್ಟ ಪಾಲು ನಮ್ಮ ಮನೆಗಳ ದತ್ತುಮಕ್ಕಳಿಗೆ ದೊರೆಯುತ್ತದೋ?

೩. ಸಾಕಲಾರದ ತಾಯಿಯೊಬ್ಬಳು ನಮ್ಮ ಊರಿನಲ್ಲಿದ್ದರೆ, ಆಕೆ ಮಗುವನ್ನು ಬಿಡದ ಹಾಗೆ ನಮ್ಮ ಸಭೆಯು ಮೊದಲು ಏನು ಮಾಡಬೇಕು?

೪. ಅಂಗವಿಕಲವಾದ ಮಗುವನ್ನು ಪರದೇಶದವರು ಎತ್ತಿಕೊಳ್ಳುವಾಗ ನಾವು ಹಿಂಜರಿಯುವದು ಯಾಕೆ?

೫. ನಮ್ಮ ಸಭೆಯಲ್ಲಿ ದತ್ತು ಬಂದವರನ್ನು ಕುರಿತು ನಾವು ಬೆನ್ನ ಹಿಂದೆ ಯಾವ ಮಾತುಗಳನ್ನು ಆಡುತ್ತೇವೆ? ಆ ಮಾತುಗಳನ್ನು ಕರ್ತನ ಮೇಜಿನ ಮುಂದೆ ಆಡಬಲ್ಲೆವೋ?